ಹಳೆ ಕೋಚ್ ಬಂದರೆ ಹಳೆ ತಂಡ ಬರುವುದೇ?

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಸಾಲಾಗಿ ಎರಡು ಪಂದ್ಯ ಸೋತರೆ ಸಾಕು, ‘ಹಳೆ ಕೋಚ್ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಮತ್ತೆ ಕರೆಸಿ’ ಎಂಬ ಮಾತು ಹುಬ್ಬಳ್ಳಿಯ ನೆಹರೂ ಮೈದಾನದವರೆಗೂ ಕೇಳಿಬರುತ್ತದೆ. 2018–19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆಲ್ಲಿಸಿಕೊಟ್ಟವರ ಮೇಲೆ ಪ್ರೀತಿ ಸಹಜ. ಆದರೆ ಆ ಗೆಲುವು ಬಂದದ್ದು ಹೇಗೆ?

ಆಗ ಐವರು ವಿದೇಶಿಯರನ್ನು ಏಕಕಾಲಕ್ಕೆ ಆಡಿಸಬಹುದಿತ್ತು. 2021–22ರಿಂದ ಅದು ನಾಲ್ಕಕ್ಕೆ ಇಳಿಯಿತು. ಗೆದ್ದ ಆ ತಂಡದ ದಾಳಿಯಲ್ಲಿ ಮಿಕು, ನಡುವೆ ದಿಮಾಸ್ ಡೆಲ್ಗಾಡೊ, ರಕ್ಷಣೆಯಲ್ಲಿ ಹುವಾನನ್ ಎಂಬ ವಿದೇಶಿಯರು ಇದ್ದರು. ಫೈನಲ್‌ನಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ಹೆಡ್ ಮಾಡಿದ ಗೋಲು ಸಹ ದಿಮಾಸ್ ಒದ್ದ ಕಾರ್ನರ್‌ನಿಂದಲೇ ಬಂತು. ಮಿಕು ಹೋದ ಮೇಲೆ ಅದೇ ಕೋಚ್ ಕೈಯಲ್ಲಿ ತಂಡ ಗೋಲಿಗೆ ಪರದಾಡಿತು, ಕಾರ್ನರ್, ಫ್ರೀಕಿಕ್‌ಗಳನ್ನೇ ನೆಚ್ಚಿಕೊಂಡಿತು. 2021ರ ಜನವರಿಯಲ್ಲಿ ಸತತ ಮೂರು ಸೋಲಿನ ಬಳಿಕ ಅವರು ಹೊರಟರು. ಆಟಗಾರರ ಕೊರತೆಯನ್ನು ಕೋಚ್ ಒಬ್ಬರೇ ತುಂಬಲಾರರು.

ಮರಳಿದವರೆಲ್ಲ ಸೋತಿಲ್ಲ, ನಿಜ. 2017ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್ ತಂಡಕ್ಕೆ ಮರಳಿದ ಹಳೆ ಕೋಚ್ ಹೈಂಕೆಸ್ ಲೀಗ್ ಗೆದ್ದರು. ಅವರು ಬಲ್ಲ ರಾಬೆನ್, ರಿಬೆರಿ, ಮುಲ್ಲರ್ ಇನ್ನೂ ಅಲ್ಲೇ ಇದ್ದರು. ಆದರೆ 2023ರಲ್ಲಿ ಇಂಗ್ಲೆಂಡಿನ ಚೆಲ್ಸಿ ತಂಡಕ್ಕೆ ಕೋಚ್ ಆಗಿ ಮರಳಿದ ಲ್ಯಾಂಪಾರ್ಡ್‌ಗೆ 11 ಪಂದ್ಯಗಳಲ್ಲಿ ದಕ್ಕಿದ್ದು ಒಂದೇ ಗೆಲುವು.

ಕ್ವಾದ್ರಾತ್ ಅವರನ್ನು ಕರೆಸುವುದೇ ಆದರೆ, ಹೊಸ ಆಟಗಾರರನ್ನು ಸೇರಿಸಿಕೊಳ್ಳುವ ಜನವರಿಯ ವರ್ಗಾವಣೆ ಅವಧಿಗೆ ಮುಂಚೆಯೇ ಕರೆಸಿ. ಫಿಟ್‌ನೆಸ್ ಕೋಚ್ ಸಹಿತ ಅವರ ಸಹಾಯಕರನ್ನೂ ತನ್ನಿ, ಒಬ್ಬ ಒಳ್ಳೆಯ ಸ್ಟ್ರೈಕರ್‌ಗೆ ಹಣ ಎತ್ತಿಡಿ. ಬರೀ ಗ್ಯಾಲರಿಯ ಸಿಟ್ಟು ತಣಿಸಲೆಂದು ಕರೆಸುವುದು ಮಾತ್ರ ಖಂಡಿತ ಬೇಡ.

– ಫುಟ್‌ಬಾಲ್ ಪ್ರೇಮಿಗಳು, ವಿದ್ಯಾನಗರ, ಹುಬ್ಬಳ್ಳಿ