ಬೀಚ್ ವಾಲಿಬಾಲ್‌ಗೆ 40 ಸೆಂ.ಮೀ. ಸಡಿಲ ಮರಳು ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಕರಾವಳಿಯಲ್ಲಿ ಬೀಚ್ ಉತ್ಸವಗಳು ಶುರುವಾದರೆ ವಾಲಿಬಾಲ್ ಪಂದ್ಯಾವಳಿಗಳಿಗೆ ಬರವಿಲ್ಲ. ಹೊನಲು ಬೆಳಕು, ನಗದು ಬಹುಮಾನ, ಜನ ಎಲ್ಲವೂ ಇರುತ್ತವೆ. ಆದರೆ ಅಲೆ ಬಡಿದು ಗಟ್ಟಿಯಾದ ಒದ್ದೆ ಮರಳಿನ ಮೇಲೆ ಆರಾರು ಜನ ಒಳಾಂಗಣದ ಚೆಂಡಿನಲ್ಲಿ ಆಡಿದರೆ ಅದು ಕಡಲ ಬದಿಯ ವಾಲಿಬಾಲ್ ಆದೀತು, ಸಡಿಲ ಮರಳಿನಲ್ಲಿ ಇಬ್ಬಿಬ್ಬರ ಜೋಡಿಗಳು ಆಡುವ ಬೀಚ್ ವಾಲಿಬಾಲ್ ಆಗದು. ಇಲ್ಲಿ ಕಪ್ ಗೆದ್ದ ಹುಡುಗರು ಏಷ್ಯನ್ ಬೀಚ್ ಟೂರ್‌ನ ಅಂಕಣಕ್ಕೆ ಇಳಿದರೆ ಕಾಲ ಕೆಳಗಿನ ನೆಲವೇ ಬೇರೆಯಾಗಿರುತ್ತದೆ.

ಆ ಟೂರ್‌ನ ಮಟ್ಟ ಸಣ್ಣದಲ್ಲ. ಥಾಯ್ಲೆಂಡಿನ ಸೊಂಗ್ಖ್ಲಾದಲ್ಲಿರುವ ಸಮೀಲಾ ಕಡಲತೀರದಂಥ ಕಡೆ ಪಂದ್ಯಗಳು ನಡೆಯುತ್ತವೆ. ಏಷ್ಯನ್ ವಾಲಿಬಾಲ್ ಒಕ್ಕೂಟದಲ್ಲಿ ಆಸ್ಟ್ರೇಲಿಯಾವೂ ಇದೆ. ಆ ದೇಶದ ಮಹಿಳಾ ಜೋಡಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು. ಅದೇ ಕೂಟದಲ್ಲಿ ಕತಾರ್‌ನ ಶರೀಫ್ ಯೂನುಸ್ ಮತ್ತು ಅಹ್ಮದ್ ತಿಜಾನ್ ಕಂಚು ಪಡೆದರು. 2008ರ ಬೀಜಿಂಗ್‌ನಲ್ಲಿ ಮಹಿಳೆಯರ ಬೆಳ್ಳಿ, ಕಂಚು ಎರಡೂ ಚೀನಾದ ಪಾಲಾಗಿದ್ದವು. ಇಂಥವರ ಎದುರು ನಿಲ್ಲಬೇಕಾದರೆ ಅಭ್ಯಾಸ ಆರಂಭವಾಗಬೇಕಾದದ್ದು ಮರಳಿನಿಂದ.

ನಿಯಮದ ಪ್ರಕಾರ ಅಂಕಣ 16 ಮೀ. ಉದ್ದ, 8 ಮೀ. ಅಗಲ. ಸುತ್ತ ಕನಿಷ್ಠ 3 ಮೀ. ಖಾಲಿ ಜಾಗ. ಮರಳು ಕನಿಷ್ಠ 40 ಸೆಂ.ಮೀ. ಆಳದವರೆಗೆ ಸಡಿಲವಾಗಿರಬೇಕು. ಕಡಲತೀರದಲ್ಲಿ ಇದಕ್ಕೆ ಹೆಚ್ಚು ಖರ್ಚಿಲ್ಲ: ಉಬ್ಬರದ ಗೆರೆಯಿಂದ ಮೇಲಕ್ಕೆ, ಒಣ ಮರಳಿರುವಲ್ಲಿ ಜಾಗ ಗುರುತಿಸಿ, ಅಗೆದು ಮಗುಚಿ, ಚಿಪ್ಪು, ಗಾಜು, ಕಲ್ಲು ಆರಿಸಿ ಸಮ ಮಾಡಿದರೆ ಸಾಕು. ನಾಲ್ಕು ಮೂಲೆ ಮತ್ತು ನಡುವೆ ಒಂದು ಸರಳು ಚುಚ್ಚಿ ನೋಡಿ, 40 ಸೆಂ.ಮೀ. ಸಲೀಸಾಗಿ ಇಳಿಯದ ಕಡೆ ಮತ್ತೆ ಅಗೆಯಬೇಕು. ಒಳನಾಡಿನಲ್ಲಿ ಅಂಕಣ ಕಟ್ಟುವವರಿಗೆ ಲೆಕ್ಕ ದೊಡ್ಡದು. 22 ಮೀ. ಉದ್ದ, 14 ಮೀ. ಅಗಲದ ಜಾಗಕ್ಕೆ ಸುಮಾರು 123 ಘನ ಮೀಟರ್ ಮರಳು, ಅಂದರೆ 6 ಘನ ಮೀಟರಿನ ಟಿಪ್ಪರ್‌ನಲ್ಲಿ 20ಕ್ಕೂ ಹೆಚ್ಚು ಲೋಡ್ ಬೇಕು. ಅಗ್ಗವೆಂದು ಎಂ-ಸ್ಯಾಂಡ್ ಸುರಿಯಬೇಡಿ. ಅದರ ಕಣಕ್ಕೆ ಚೂಪು ಅಂಚಿರುತ್ತದೆ, ಡೈವ್ ಹೊಡೆದವರ ಮೊಣಕೈ ತರಚುತ್ತದೆ. ಅದರಲ್ಲಿನ ಪುಡಿ ಒಂದು ಮಳೆಗೆ ನೆಲದಂತೆ ಬಿಗಿಯುತ್ತದೆ.

ಗಟ್ಟಿ ಮರಳಿನಲ್ಲಿ ಕಲಿತವರ ಜಿಗಿತ ಸಡಿಲ ಮರಳಿನಲ್ಲಿ ಕೈಕೊಡುತ್ತದೆ. ಓಡಿ ಬಂದು ಜಿಗಿಯುವಾಗ ಕಾಲು ಹೂತು ವೇಗವೆಲ್ಲ ಮರಳಿಗೇ ಹೋಗುತ್ತದೆ. ಎತ್ತರ ಸಿಗದು, ಚೆಂಡು ನೆಟ್‌ಗೆ ಬಡಿಯುತ್ತದೆ. ಓಟ ಕಿರಿದು ಮಾಡಿ, ಎರಡೂ ಕಾಲು ಊರಿ ನೇರ ಮೇಲಕ್ಕೆ ಎಗರುವುದು ಮೈಗೂಡಲು ತಿಂಗಳುಗಳೇ ಬೇಕು.

ಚೆಂಡೂ ಬೇರೆ. ಇದರ ಒತ್ತಡ ಚದರ ಸೆಂ.ಮೀ.ಗೆ 0.175ರಿಂದ 0.225 ಕೆ.ಜಿ., ಒಳಾಂಗಣದ ಚೆಂಡಿನದು 0.30ರಿಂದ 0.325. ಬೆಳಿಗ್ಗೆ ನೆರಳಲ್ಲಿ ಗಾಳಿ ತುಂಬಿದ ಚೆಂಡು ಮಧ್ಯಾಹ್ನದ ಬಿಸಿಲಿಗೆ ಮಿತಿ ಮೀರಿ ಬಿಗಿಯುತ್ತದೆ. ಆದ್ದರಿಂದ ಪಂದ್ಯಕ್ಕೆ ಮುನ್ನ ಅಂಕಣದಲ್ಲೇ ಗೇಜ್ ಹಿಡಿದು ನೋಡಬೇಕು.

ನಮ್ಮ ಆಟಗಾರರು ಹೆಚ್ಚು ಅಂಕ ಕಳೆದುಕೊಳ್ಳುವುದು ಬೆರಳಿನಿಂದ. ಆರು ಜನರ ಆಟದಲ್ಲಿ ಬ್ಲಾಕ್ (ನೆಟ್ ಬಳಿ ಎದುರಾಳಿ ಕೈ ಎತ್ತಿ ಒಡ್ಡುವ ತಡೆ) ಮೇಲಿಂದ ಬೆರಳ ತುದಿಯಲ್ಲಿ ಹಾಕುವ ಡ್ರಾಪ್ ಇಲ್ಲಿ ಫೌಲ್. ಬೆರಳು ಮಡಿಸಿ ಗೆಣ್ಣಿನಿಂದಲೋ, ಬೆರಳು ಬಿಗಿಯಾಗಿ ಚಾಚಿಯೋ ತಳ್ಳಬೇಕು. ಸರ್ವ್ ಅನ್ನು ಬೆರಳಲ್ಲಿ ತೆಗೆದರೆ ಡಬಲ್ ಟಚ್, ಅಂದರೆ ಒಬ್ಬರಿಗೇ ಸತತ ಎರಡು ಸಲ ತಗುಲಿದ ಫೌಲ್, ಆಗುವುದೇ ಹೆಚ್ಚು. ಜೋಡಿಗೆ ಸಿಗುವ ಮೂರು ಟಚ್‌ಗಳಲ್ಲಿ ಬ್ಲಾಕ್‌ಗೆ ತಗುಲಿದ್ದೂ ಒಂದು, ಆಮೇಲೆ ಉಳಿಯುವುದು ಎರಡೇ. ಈ ಕೊನೆಯದನ್ನು ಸ್ಥಳೀಯ ರೆಫರಿಗಳೇ ಮರೆಯುತ್ತಾರೆ. ಮೊದಲೆರಡು ಸೆಟ್‌ಗಳಲ್ಲಿ ಪ್ರತಿ 7 ಅಂಕಕ್ಕೆ, 15 ಅಂಕಗಳ ನಿರ್ಣಾಯಕ ಸೆಟ್‌ನಲ್ಲಿ ಪ್ರತಿ 5 ಅಂಕಕ್ಕೆ ಬದಿ ಬದಲಿಸುವುದನ್ನೂ ಸಮಯ ಉಳಿಸಲೆಂದು ಕೈಬಿಡುತ್ತಾರೆ. ಆಗ ಗಾಳಿ ಮತ್ತು ಬಿಸಿಲಿನ ಲಾಭ ಸೆಟ್ ಪೂರ್ತಿ ಒಂದೇ ಜೋಡಿಗೆ ಹೋಗುತ್ತದೆ.

ಉತ್ಸವ ಸಮಿತಿಗಳು ಆರು ಜನರ ಪಂದ್ಯ ನಿಲ್ಲಿಸಬೇಕೆಂದು ನಾವು ಕೇಳುತ್ತಿಲ್ಲ. ಅದರ ಪಕ್ಕದಲ್ಲೇ ನಿಯಮದಂತೆ ಒಂದು ಅಂಕಣ ಹಾಕಿ, ಇಬ್ಬರ ಜೋಡಿಗಳಿಗೆ ಪ್ರವೇಶ ಕೊಡಲಿ. ಬದಲಿ ಆಟಗಾರ ಬೇಡ. ನೆಟ್ ಪುರುಷರಿಗೆ 2.43 ಮೀ., ಮಹಿಳೆಯರಿಗೆ 2.24 ಮೀ. ಎತ್ತರದಲ್ಲಿರಲಿ. ಕಂಬಗಳಿಗೆ ಸ್ಪಂಜಿನ ಹೊದಿಕೆ ಸುತ್ತಲಿ. ಚೆಂಡಿನ ಹಿಂದೆ ಓಡುವವರ ತಲೆ ಅಲ್ಲಿಗೇ ಬಡಿಯುವುದು. ಮರಳು ಕಾದಿದ್ದರೆ ನೀರು ಚಿಮುಕಿಸಲಿ, ಇಲ್ಲವೇ ಪಂದ್ಯವನ್ನು ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳಲಿ.

ಇಂತಿ,
ಕೆಲವು ವಾಲಿಬಾಲ್ ತರಬೇತುದಾರರು, ಉಡುಪಿ