ಫ್ಯಾನ್ ಆರಿಸಿ ಕುಳಿತ ಅಕ್ಕನಿಗೆ

ಮೊನ್ನೆ ಡೊಂಬಿವಲಿಯ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಠಾಣೆ ದಾಟುವವರೆಗೂ ಬಲಗೆನ್ನೆಗೆ ಗಾಳಿ ಬಡಿಯುತ್ತಲೇ ಇತ್ತು. ನಾನು ಸೆರಗು ಮುಚ್ಚಿಕೊಳ್ಳಲಿಲ್ಲ. ಟ್ರೈಜೆಮಿನಲ್ ನ್ಯೂರಾಲ್ಜಿಯಾಕ್ಕೆ, ಅಂದರೆ ಮುಖದ ನರದ ನೋವಿಗೆ, ಆಪರೇಷನ್ ಆಗಿ ಆರು ತಿಂಗಳಾಯಿತು.

ನನಗೆ ಹೇಳಬೇಕಾಗಿರುವುದು ಕೆಳಗಿನ ಮನೆಯ ಅಕ್ಕನ ವಿಷಯ.

ಕಳೆದ ಮೇ ತಿಂಗಳ ಆ ರಾತ್ರಿ ನಮ್ಮವರು ಪಾಳಿಯಲ್ಲಿದ್ದರು. ಅಷ್ಟರಲ್ಲಾಗಲೇ ಎರಡು ದವಡೆ ಹಲ್ಲು ಕೀಳಿಸಿಕೊಂಡಾಗಿತ್ತು, ನೋವು ಇದ್ದಲ್ಲೇ ಇತ್ತು. ಎಕ್ಸ್‌ರೇಯಲ್ಲಿ ಏನೂ ಕಾಣದಾಗ ‘ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂದವರೂ ಇದ್ದರು. (ಅವರಿಗೆ ಇಲ್ಲಿ ಧನ್ಯವಾದವಿಲ್ಲ.) ನೀರು ತಾಗಿದರೆ, ಮಾತಾಡಿದರೆ, ಗಾಳಿ ಸೋಕಿದರೆ ಸಾಕು, ದವಡೆಯೊಳಗೆ ಕರೆಂಟು ಹೊಡೆಯುತ್ತಿತ್ತು. ಒಂದೊಂದು ಏಟೂ ಕೆಲವೇ ಕ್ಷಣ. ಮುಂದಿನದು ಯಾವಾಗ ಎಂಬ ಭಯಕ್ಕೆ ಮಾತ್ರ ಬಿಡುವಿರಲಿಲ್ಲ.

ಅಕ್ಕ ಬಂದವರೇ ಫ್ಯಾನ್ ಆರಿಸಿದರು. ಮುಂಬೈಯ ಮೇ ತಿಂಗಳ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಬೆಳಗಿನವರೆಗೆ ಕುಳಿತರು. ನನಗೆ ಮಾತಾಡಲು ಬಿಡದೆ, ಕೈಸನ್ನೆಯಲ್ಲೇ ಕೇಳಿ, ಕ್ಯಾಲೆಂಡರ್ ಹಾಳೆಯ ಹಿಂದೆ ನೋವಿನ ಏಟು ಬಿದ್ದ ಹೊತ್ತನ್ನೂ ಕಾರಣವನ್ನೂ ಬರೆದುಕೊಂಡರು: 1.10, ಗಂಜಿ. 1.25, ಎಂಜಲು ನುಂಗಿದ್ದಕ್ಕೆ. 2.05, ಸುಮ್ಮನೆ. ಮೂರರ ಹೊತ್ತಿಗೆ ನನಗೆ ಬೆಳಗಾಗುವುದೇ ಬೇಡ ಅನ್ನಿಸಿತ್ತು. ಇದನ್ನು ನಮ್ಮವರಿಗೂ ಹೇಳಿರಲಿಲ್ಲ. ಅಕ್ಕನಿಗೆ ಹೇಗೆ ತಿಳಿಯಿತೋ, ನನ್ನ ಮಣಿಕಟ್ಟು ಹಿಡಿದವರು ಬಿಡಲಿಲ್ಲ.

ಇರಲಿ. ‘ಹಲ್ಲುನೋವು ಹೀಗೆ ಮಿಂಚಿ ಮಾಯವಾಗುವುದಿಲ್ಲ, ನರದ ಡಾಕ್ಟರಿಗೆ ತೋರಿಸು’ ಎಂದವರೂ ಅವರೇ. ಆ ಡಾಕ್ಟರು ನನ್ನ ಬಾಯಿ ನೋಡುವ ಮೊದಲು ಓದಿದ್ದು ಆ ಹಾಳೆಯನ್ನು. ಈ ಕಾಯಿಲೆಯನ್ನು ಗುರುತಿಸುವುದು ಮುಖ್ಯವಾಗಿ ನೋವಿನ ವಿವರದಿಂದಲೇ. ಎಂಆರ್‌ಐ ಅದರ ಕಾರಣ ಹುಡುಕಲು. ಟ್ರೈಜೆಮಿನಲ್ ನರದ ಮೂರು ಕವಲುಗಳಲ್ಲಿ ಎರಡು ಹಲ್ಲುಗಳಿಗೂ ಹೋಗುತ್ತವೆ. ಮಿದುಳಿನ ಬುಡದಲ್ಲಿ ರಕ್ತನಾಳವೊಂದು ಆ ನರವನ್ನು ಒತ್ತಿದರೆ, ಹಲ್ಲೇ ನೋಯುತ್ತಿದೆ ಎನಿಸುತ್ತದೆ. ಪಾಪ, ನನ್ನ ಹಲ್ಲುಗಳೆರಡೂ ನಿರಪರಾಧಿಗಳು.

ಈ ನೋವಿಗೆ ಕೊಟ್ಟ ಕಾರ್ಬಮಜೆಪಿನ್ ಮಾತ್ರೆಯ ಮಂಪರಿನಲ್ಲಿ ನಾನು ಮಾಡಿದ ತಪ್ಪು ಲೆಕ್ಕಗಳನ್ನು ತಿದ್ದಿದ ಕಚೇರಿಯ ಗೆಳತಿಯರು, ಅದೇ ಮಾತ್ರೆಯ ಸಲುವಾಗಿ ರಕ್ತದ ಸೋಡಿಯಂ ಪರೀಕ್ಷೆಗೆ ಕರೆದೊಯ್ದ ಭಾವ, ಶಸ್ತ್ರಚಿಕಿತ್ಸಕರು, ಮಾಟುಂಗದಿಂದ ಇಡ್ಲಿ ಹೊತ್ತು ತಂದ ಅತ್ತಿಗೆ, ಎಲ್ಲರಿಗೂ ಕೈಮುಗಿಯುತ್ತೇನೆ.

ಅಕ್ಕ ಈಗಲೂ ನಮ್ಮ ಮನೆಗೆ ಬಂದರೆ ಸ್ವಿಚ್ಚಿನ ಬಳಿ ನಿಂತು ನನ್ನ ಮುಖ ನೋಡುತ್ತಾರೆ.

ಹಾಕಿ ಅಕ್ಕಾ, ಐದಕ್ಕೇ ಹಾಕಿ.