ಎಚ್‌ಐವಿ: ದಿನದ ಮಾತ್ರೆಗೆ ಬದಲು ಚುಚ್ಚುಮದ್ದು ಸಿಗಲಿ

ಎಚ್‌ಐವಿ ಇರುವವರಿಗೆ ಎರಡು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ನಮ್ಮ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಗಳಲ್ಲೂ ಸಿಗುವಂತಾಗಬೇಕು. ಕ್ಯಾಬೊಟೆಗ್ರವಿರ್ ಮತ್ತು ರಿಲ್ಪಿವಿರಿನ್ ಎಂಬ ಈ ಜೋಡಿ ಔಷಧಿಗೆ ಅಮೆರಿಕ 2021ರಲ್ಲೇ ಒಪ್ಪಿಗೆ ಕೊಟ್ಟಿತು. ವೈರಸ್ ಹತೋಟಿಯಲ್ಲಿದ್ದು, ಹೆಪಟೈಟಿಸ್ ಬಿ ಇಲ್ಲದವರು ಮಾತ್ರೆ ಬಿಟ್ಟು ಇದಕ್ಕೆ ಬದಲಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಹೇಳಿತು.

ಇದು ಶ್ರೀಮಂತ ದೇಶಗಳಿಗೆ ಮಾತ್ರ ಅಂತಲೂ ಅಲ್ಲ. ಉಗಾಂಡಾ, ಕೆನ್ಯಾ, ದಕ್ಷಿಣ ಆಫ್ರಿಕಾದ 512 ಜನರ ಮೇಲೆ ಪರೀಕ್ಷೆ ನಡೆಯಿತು. 48 ವಾರಗಳ ನಂತರ ಚುಚ್ಚುಮದ್ದು ಪಡೆದವರಲ್ಲಿ ಸುಮಾರು 97% ಮಂದಿಗೆ ವೈರಸ್ ಹತೋಟಿಯಲ್ಲೇ ಇತ್ತು. ಮಾತ್ರೆ ನುಂಗಿದವರ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ.

ಹಾಗಾದರೆ ಮಾತ್ರೆಯೇ ಸಾಕಲ್ವಾ ಎನ್ನಬಹುದು. ನನಗೆ ಗೊತ್ತಿರುವ ಹೆಂಗಸೊಬ್ಬರು ಮಾತ್ರೆಗಳನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಾರೆ. ಮನೆಗೆ ನೆಂಟರು ಬಂದರೆ ಆ ದಿನದ ಮಾತ್ರೆ ತಪ್ಪಿತೆಂದೇ ಅರ್ಥ. ಕಾಯಿಲೆಗಿಂತ ಅದು ಬಯಲಾಗುವ ಭಯವೇ ಜಾಸ್ತಿ. ಮಾತ್ರೆ ಪದೇ ಪದೇ ತಪ್ಪಿದರೆ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ.

ತೊಡಕು ಇಲ್ಲವೆಂದಲ್ಲ. ರಿಲ್ಪಿವಿರಿನ್ ಅನ್ನು ಫ್ರಿಜ್‌ನಲ್ಲೇ ಇಡಬೇಕು, ಬೆಲೆಯೂ ದುಬಾರಿ. ಆದರೆ 2001ರಲ್ಲಿ ವರ್ಷಕ್ಕೆ 350 ಡಾಲರಿಗೆ ಎಚ್‌ಐವಿ ಔಷಧಿ ಕೊಡುತ್ತೇವೆಂದು ಜಗತ್ತನ್ನೇ ಬೆರಗುಗೊಳಿಸಿದ್ದು ನಮ್ಮ ಸಿಪ್ಲಾ ಕಂಪನಿ. ಸರ್ಕಾರ ದೇಶಿ ಕಂಪನಿಗಳ ಜೊತೆ ಬೆಲೆಯ ಮಾತುಕತೆ ನಡೆಸಲಿ. ಮೊದಲು ಜಿಲ್ಲಾ ಆಸ್ಪತ್ರೆಗಳಲ್ಲಿ, ಮಾತ್ರೆ ನುಂಗಲು ಕಷ್ಟಪಡುವವರಿಗೆ ಇದನ್ನು ಶುರು ಮಾಡಲಿ.

– ಒಬ್ಬ ಓದುಗ, ದಾವಣಗೆರೆ